ಡಾಕ್ಟರಮ್ಮ ಹೇಳಿದ ಹತ್ತನೇ ಮಾತು

ದೋಣಿಯ ವಿಷಯಕ್ಕೆ ಆ ಮನೆಯಲ್ಲಿ ಮೊದಲ ಜಗಳವಾದದ್ದು ಬಟಾಣಿ ಸುಲಿಯುವಾಗ. ಸೊಸೆಗೆ ಆಗ ನಾಲ್ಕು ತಿಂಗಳು ತುಂಬಿತ್ತು. ಅಡುಗೆಮನೆಯ ಮೇಜಿನ ಒಂದು ಬದಿಗೆ ಅತ್ತೆ, ಇನ್ನೊಂದು ಬದಿಗೆ ಸೊಸೆ, ನಡುವೆ ಬಟಾಣಿಯ ರಾಶಿ.

"ಭಾನುವಾರ ಕೆರೆಗೆ ಹೋಗಿಬರ್ತೀನಿ ಅತ್ತೆ. ಒಂದೇ ಗಂಟೆ," ಎಂದಳು ಸೊಸೆ.

"ಕೆರೆಗೆ ಯಾಕೆ?"

"ದೋಣಿಗೆ."

ಅತ್ತೆಯ ಕೈ ನಿಂತಿತು. "ಬುದ್ಧಿ ನೆಟ್ಟಗಿದೆಯಾ ನಿಂಗೆ? ಹೊಟ್ಟೇಲಿ ಕೂಸಿಟ್ಕೊಂಡು ನೀರಿಗಿಳೀತಾಳಂತೆ!"

"ನೀರಿಗಲ್ಲ ಅತ್ತೆ, ದೋಣಿಗೆ."

"ನಿನ್ನ ದೋಣಿ ಏನು ಗಾಳೀಲಿ ತೇಲುತ್ತಾ?"

ಸೊಸೆಗೆ ನಗು ಬಂತು. ಅದನ್ನು ನುಂಗಿಕೊಂಡಿದ್ದರೆ ಚೆನ್ನಾಗಿತ್ತು, ನುಂಗಲಿಲ್ಲ. ಅವಳು ಊರಾಚೆಯ ದೋಣಿ ಕ್ಲಬ್ಬಿನಲ್ಲಿ ಏಳು ವರ್ಷದಿಂದ ಟೀಚರು. ಹೊಳೆಯ ಭೋರ್ಗರೆತದಲ್ಲಿ ರಬ್ಬರ್ ದೋಣಿ ಹತ್ತಿಸಿ ಜನರನ್ನು ಇಳಿಸಿಕೊಂಡು ಬರುವುದು ಅವಳ ಕೆಲಸ. ಬಸುರಿ ಎಂದು ತಿಳಿದ ದಿನವೇ ಯಾರಿಂದಲೂ ಹೇಳಿಸಿಕೊಳ್ಳದೆ ಹೊಳೆ ಬಿಟ್ಟು, ಕ್ಲಬ್ಬಿನ ಆಫೀಸಿನಲ್ಲಿ ಕೂತು ರಸೀದಿ ಬರೆಯತೊಡಗಿದ್ದಳು. ಉಳಿದದ್ದು ಒಬ್ಬರೇ ಕೂರುವ ಉದ್ದನೆಯ ಕಯಾಕ್ ಮತ್ತು ಅಲೆಯಿಲ್ಲದ ಕೆರೆ. ಅದೊಂದನ್ನು ಬಿಡಲು ಅವಳಿಗೆ ಮನಸ್ಸಿರಲಿಲ್ಲ.

"ನಿಮ್ಮ ಮಗನ್ನ ಹೊತ್ತಾಗ ಎಂಟನೇ ತಿಂಗಳವರೆಗೂ ಹಿಟ್ಟಿನ ಮೂಟೆ ಎತ್ತಿದ್ದೆ ಅಂತ ನೀವೇ ಹೇಳಿದ್ರಿ," ಎಂದಳು.

ಅತ್ತೆ ಬ್ರೆಡ್ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದವರು. ಈಗ ಪ್ಯಾಕಿಂಗ್ ವಿಭಾಗದಲ್ಲಿದ್ದರು. "ಅದು ಹೊಟ್ಟೆಪಾಡು ಕಣೇ. ಇದು ಶೋಕಿ."

"ಇದು ಹೊಟ್ಟೆಪಾಡಿನ ಮೂಟೆ, ಸುಮ್ನಿರೋಣ ಅಂತ ಹೊಟ್ಟೇಲಿರೋ ಮಗೂಗೆ ಗೊತ್ತಾಗುತ್ತಾ?"

ಪಕ್ಕದ ಕೋಣೆಯಲ್ಲಿ ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ಮಾವ ಟಾರ್ಪಾಲು, ಸೀಟಿನ ಕವರು, ಜಿಪ್ಪು ಹೋದ ಚೀಲ ಹೊಲಿಯುವವರು. ಅವರ ಮಿಷನ್ ನಿಂತಿತೆಂದರೆ ಕಿವಿ ಇತ್ತ ಇದೆ ಎಂದರ್ಥ. ಬಾಯಿ ಮಾತ್ರ ಇತ್ತ ಬರುತ್ತಿರಲಿಲ್ಲ.

ಸಂಜೆ ಮಗ ಬಂದ. ಲಿಫ್ಟ್ ರಿಪೇರಿ ಮಾಡುವವನು, ದಿನವಿಡೀ ಮೇಲೆ ಕೆಳಗೆ ಓಡಾಡಿ ದಣಿದು ಬಂದವನಿಗೆ ಮನೆಯಲ್ಲೂ ಅದೇ ಗತಿ. ಅಮ್ಮ ಒಂದು ಕಡೆ ಎಳೆದರು, ಹೆಂಡತಿ ಇನ್ನೊಂದು ಕಡೆ ಎಳೆದಳು. ಕೊನೆಗೆ ಅವನು, "ಡಾಕ್ಟರನ್ನೇ ಕೇಳೋಣ, ಅವರು ಹೇಳಿದ್ದೇ ಕೊನೆ," ಎಂದ.

ಅತ್ತೆ ಅರ್ಧ ದಿನದ ರಜೆ ಹಾಕಿ ಮಗ ಸೊಸೆಯ ಜೊತೆಗೆ ಹೋದರು. ಡಾಕ್ಟರು 'ಬೇಡ' ಅನ್ನುವುದನ್ನು ಅವರು ಕಿವಿಯಾರೆ ಕೇಳಬೇಕಿತ್ತು. ಆದರೆ ಡಾಕ್ಟರಮ್ಮ ಕನ್ನಡಕ ಮೇಲೇರಿಸಿ ಎಲ್ಲವನ್ನೂ ಕೇಳಿಸಿಕೊಂಡು, "ಏಳು ವರ್ಷದ ಅಭ್ಯಾಸ ಇದೆ, ಆರೋಗ್ಯ ಚೆನ್ನಾಗಿದೆ. ನಿಂತ ನೀರಾದ್ರೆ ಹೋಗ್ಲಿ," ಎಂದುಬಿಟ್ಟರು. ಆಮೇಲೆ ಬೆರಳು ಮಡಿಸುತ್ತ ಹೇಳಿದರು: ಹೊಳೆ ಬೇಡ, ಬೀಳುವಂಥ ಯಾವುದೂ ಬೇಡ. ಲೈಫ್ ಜಾಕೆಟ್ ಇಲ್ಲದೆ ದೋಣಿ ಮುಟ್ಟಬಾರದು. ದಡದ ಹತ್ತಿರವೇ ಇರಬೇಕು, ಜೊತೆಗೊಬ್ಬರು ಬೇಕು. ಬಿಸಿಲೇರುವ ಮುಂಚೆ ವಾಪಸ್ಸು. ನೀರು ಕುಡಿಯುತ್ತಿರಬೇಕು. ಸುಸ್ತಾದರೆ, ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸಬೇಕು. ಹೊಟ್ಟೆ ದೊಡ್ಡದಾಗಿ ತೂಕ ತಪ್ಪುವ ಹಾಗಾದರೆ ಅಲ್ಲಿಗೆ ಮುಗಿಯಿತು.

"ಇನ್ನೊಂದು," ಎಂದರು ಹತ್ತನೇ ಬೆರಳು ಹಿಡಿದು. "ಏಳನೇ ತಿಂಗಳಿಂದ ಮಗು ಒದೆಯೋದನ್ನ ದಿನಾ ಗಮನಿಸಿ. ಕಡಿಮೆ ಅನ್ನಿಸಿದ್ರೆ ನಾಳೆ ನೋಡೋಣ ಅನ್ಬೇಡಿ. ತಕ್ಷಣ ಬನ್ನಿ. ಏನೂ ಇಲ್ಲದೆ ಹತ್ತು ಸಲ ಬಂದ್ರೂ ನಾನು ಬೈಯಲ್ಲ."

ಅಷ್ಟರಲ್ಲಿ ಅತ್ತೆ ಕುರ್ಚಿ ಬಿಟ್ಟು ಎದ್ದಾಗಿತ್ತು. ಬಸ್ಸಿನಲ್ಲಿ, "ಆ ಡಾಕ್ಟರಿಗೆ ಮಕ್ಕಳಿದಾವೇನೋ?" ಎಂದು ಮಗನನ್ನು ಕೇಳಿದರು. "ಮೂರಂತೆ," ಎಂದ ಮಗ. ಅವರು ಕಿಟಕಿಯ ಕಡೆ ತಿರುಗಿ ಕೂತರು. ಹತ್ತು ಮಾತಿನಲ್ಲಿ ಒಂಬತ್ತಕ್ಕೆ ಆ ಮನೆಯವರು ಮುಂದಿನ ಮೂರು ತಿಂಗಳು ಜಗಳವಾಡಿದರು. ಹತ್ತನೆಯದಕ್ಕೆ ಯಾರ ತಕರಾರೂ ಇರಲಿಲ್ಲ. ಹಾಗಾಗಿ ಅದರ ಮಾತೇ ಬರಲಿಲ್ಲ.

ಆರನೇ ತಿಂಗಳಿಗೆ ಜಾಕೆಟ್ಟಿನ ಬಕಲ್ ಕೂಡದಾಯಿತು. ದೊಡ್ಡ ಸೈಜಿನದು ಹಾಕಿದರೆ ನೀರಿನಲ್ಲಿ ಮೇಲೇರಿ ಮುಖ ಮುಚ್ಚುತ್ತದೆ ಎಂದು ಸೊಸೆ ಗಂಡನಿಗೆ ಹೇಳುತ್ತಿದ್ದಳು. ಮಾವ ಕೋಣೆಯಿಂದ ಕೈ ಚಾಚಿ, "ಕೊಡಮ್ಮ ಇಲ್ಲಿ," ಎಂದರು. ಎರಡು ಬದಿ ಬಿಚ್ಚಿ ಬಟ್ಟೆ ಸೇರಿಸಿದರು. ಪಟ್ಟಿ ಹೊಟ್ಟೆಯ ಮೇಲೆ ಬರಬಾರದು, ಒಂದು ಎದೆಯ ಕೆಳಗೆ, ಇನ್ನೊಂದು ಸೊಂಟದ ಹತ್ತಿರ ಬರಬೇಕೆಂದು ನಾಲ್ಕು ಸಲ ಬಿಚ್ಚಿ ಹೊಲಿದರು. ಆಮೇಲೆ ತಮ್ಮ ಅಂಗಿಯೊಳಗೆ ದಿಂಬು ತುರುಕಿಕೊಂಡು ಜಾಕೆಟ್ ತೊಟ್ಟು ಹಜಾರದಲ್ಲಿ ನಿಂತು, ಸ್ಟೂಲಿನ ಮೇಲೆ ಕೂತು, ಬಗ್ಗಿ, ಎದ್ದು ನೋಡಿದರು.

"ಎಷ್ಟು ತಿಂಗಳು ನಿಮಗೆ?" ಎಂದರು ಅತ್ತೆ.

"ದಿನ ತುಂಬಿದೆ ಕಣೇ. ಬಿಸಿನೀರು ಕಾಯಿಸು."

ಅತ್ತೆ ನಕ್ಕರು. ನಗಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿದರೂ ನಕ್ಕರು. ಸೊಸೆ ಗೋಡೆಗೆ ಒರಗಿ ನಗುತ್ತ ಹೊಟ್ಟೆ ಹಿಡಿದುಕೊಂಡಳು. ಒಳಗಿನದೂ ಒದೆಯಿತು. "ನೋಡಿ, ಇದೂ ನಗ್ತಿದೆ," ಎಂದು ಅತ್ತೆಯ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು.

ಭಾನುವಾರ ಬೆಳಿಗ್ಗೆ ಆರೂವರೆಗೆ ಗಂಡ ಹೆಂಡತಿ ಕೆರೆಯಲ್ಲಿರುತ್ತಿದ್ದರು. ಅವಳು ದಡದಿಂದ ಇಪ್ಪತ್ತು ಮಾರು ದೂರದಲ್ಲಿ ಮೆಲ್ಲಗೆ ಹೋಗುತ್ತಿದ್ದಳು. ಅವನು ಪಕ್ಕದ ದೋಣಿಯಲ್ಲಿ ಒಂದೇ ಬದಿಗೆ ಹುಟ್ಟು ಹಾಕಿ ಸುತ್ತು ತಿರುಗುತ್ತಿದ್ದ. "ನನ್ನ ಕಾಯೋಕೆ ಬಂದೋನನ್ನ ಯಾರು ಕಾಯೋದು?" ಎಂದು ಅವಳು ಅಣಕಿಸುತ್ತಿದ್ದಳು. ಏಳೂವರೆಗೆ ದಡದಲ್ಲಿ ಕೂತು ಬೇಯಿಸಿದ ಮೊಟ್ಟೆ, ಬಾಳೆಹಣ್ಣು. ಬಾಳೆಹಣ್ಣು ಹೊಟ್ಟೆಗೆ ಬಿದ್ದ ಮೇಲೆ ಮಗು ಒದೆಯುತ್ತಿತ್ತು. ಅವಳು ಹೊಟ್ಟೆಯ ಮೇಲೆ ಬಿಸ್ಕತ್ತು ಇಡುವಳು, ಅದು ಅಲುಗುವುದನ್ನು ಇಬ್ಬರೂ ನೋಡುವರು. ವಾರದಲ್ಲಿ ಅವಳಿಗೆ ಸುಖವೆನಿಸುತ್ತಿದ್ದದ್ದು ಆ ಎರಡು ಗಂಟೆ ಮಾತ್ರ.

ಮಿಕ್ಕ ದಿನಗಳಲ್ಲಿ ಮನೆಯೊಳಗೆ ದೋಣಿಯದೇ ಕಾರುಬಾರು. ಸೊಸೆಗೆ ನೆಗಡಿಯಾದರೆ ದೋಣಿ. ಎದೆಯುರಿಗೆ ದೋಣಿ, ಕಾಲು ಸೆಳೆತಕ್ಕೆ ದೋಣಿ. ಗ್ಯಾಸ್ ಸಿಲಿಂಡರ್ ನಾಲ್ಕು ದಿನ ಮುಂಚೆ ಖಾಲಿಯಾದದ್ದಕ್ಕೂ ದೋಣಿಯೇ ಕಾರಣವಾಯಿತು, ಏಕೆಂದರೆ ಕೆರೆಯಿಂದ ಬಂದವಳು ಬಿಸಿನೀರು ಸುರಿದುಕೊಳ್ಳುತ್ತಿದ್ದಳು.

"ಅಮ್ಮನ ಮುಂದೆ ಅಲ್ಲಿ ನೋವು ಇಲ್ಲಿ ನೋವು ಅನ್ಬೇಡ," ಎಂದ ಗಂಡ ಒಂದು ದಿನ. "ಹೇಗಿದೀಯ ಅಂದ್ರೆ ಚೆನ್ನಾಗಿದೀನಿ ಅನ್ನು. ಏನಿದ್ರೂ ನನ್ನ ಹತ್ರ ಹೇಳು."

ಅವಳು ಹಾಗೇ ಮಾಡಿದಳು. ಆದರೆ ಆಮೇಲೊಂದು ವಾರ ಬೆನ್ನುನೋವೆಂದು ಅವನಿಗೇ ಹೇಳಿದಾಗ ಅವನೂ, "ದೋಣಿಯಿಂದ ಇರಬಹುದೇನೋ," ಎಂದ. ಅಂದಿನಿಂದ ಅವಳು ಅವನಿಗೂ ಚೆನ್ನಾಗಿದೀನಿ ಎಂದೇ ಹೇಳತೊಡಗಿದಳು.

ಏಳನೇ ತಿಂಗಳಲ್ಲಿ ಒಂದು ಸಂಜೆ ಊಟಕ್ಕೆ ಕೂತಾಗ ಕಿತ್ತಾಟ ಮಿತಿ ಮೀರಿತು. ಬೇಳೆಯ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿ ಅತ್ತೆ ಮಗನಿಗೆ ಹೇಳಿದರು, "ನನ್ನ ಮೊಮ್ಮಗೂಗೆ ಏನಾದ್ರೂ ಆದ್ರೆ ನಾನು ಇವಳ ಮುಖ ನೋಡಲ್ಲ. ಹೇಳಿಬಿಟ್ಟಿದೀನಿ."

"ನೋಡ್ಬೇಡಿ," ಎಂದಳು ಸೊಸೆ. "ಈಗ್ಲಾದ್ರೂ ಎಲ್ಲಿ ಮುಖ ನೋಡ್ತೀರಿ? ನೀವು ನೋಡೋದು ಹೊಟ್ಟೆ ತಾನೇ."

"ಬಿಡ್ರಮ್ಮ, ಊಟ ಮಾಡಿ," ಎಂದರು ಮಾವ. ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಅಲ್ಲಿಂದ ಅತ್ತೆ ಸೊಸೆ ಮಾತು ಬಿಟ್ಟರು. ಒಂದೇ ಅಡುಗೆಮನೆ, ಒಂದೇ ಒಲೆ, ಮಾತಿಲ್ಲ. "ಬೇಳೆಗೆ ಉಪ್ಪು ಹಾಕಿದೆಯಂತೆ ಹೇಳಿ," "ಬ್ರೆಡ್ ಮುಗಿದಿದೆಯಂತೆ ಹೇಳಿ" ಎಂದು ಇಬ್ಬರೂ ಮಾವನ ಮೂಲಕ ಹೇಳಿಸುತ್ತಿದ್ದರು. ಇಬ್ಬರೂ ಎದುರಿಗೇ ಇರುತ್ತಿದ್ದರು. "ಈ ವಯಸ್ಸಿನಲ್ಲಿ ನನಗೆ ಪೋಸ್ಟ್‌ಮನ್ ಕೆಲಸ," ಎಂದು ಮಾವ ಗೊಣಗಿದರು. ಮೊದಲು ಬಾಯಿ ಬಿಟ್ಟವರು ಸೋತಂತೆ ಎಂದು ಇಬ್ಬರೂ ಹಟ ಹಿಡಿದಿದ್ದರು.

ಹಟದ ನಡುವೆಯೂ ಸೊಸೆ ಒಂದು ತೀರ್ಮಾನಕ್ಕೆ ಬಂದಿದ್ದಳು. ದೋಣಿ ಹತ್ತಿ ಇಳಿಯುವಾಗ ಮೈ ವಾಲುತ್ತಿತ್ತು. "ಮುಂದಿನ ಭಾನುವಾರ ಕೊನೆ," ಎಂದು ಗಂಡನಿಗೆ ಹೇಳಿದಳು. "ಆಮೇಲೆ ಹೆರಿಗೆ ಆಗೋವರೆಗೂ ಇಲ್ಲ. ಅತ್ತೆಗೆ ನೀನೇ ಹೇಳು, ಖುಷಿಪಡ್ಲಿ."

ಆ ವಾರದ ಗುರುವಾರ ಬಾಳೆಹಣ್ಣು ತಿಂದು ಮಗ್ಗುಲಾಗಿ ಮಲಗಿದಳು. ಮಗು ಒದೆಯಲಿಲ್ಲ. ಬಹಳ ಹೊತ್ತಿನ ಮೇಲೆ ಎರಡು ಸಲ ಮೆಲ್ಲಗೆ ಅಲುಗಿದ ಹಾಗಾಯಿತು. ಮಲಗಿರಬೇಕು ಎಂದುಕೊಂಡಳು. ಡಾಕ್ಟರಮ್ಮ ಹೇಳಿದ್ದು ನೆನಪಾಗಲಿಲ್ಲವೆಂದಲ್ಲ. ಆದರೆ ಈಗ ಆಸ್ಪತ್ರೆ ಎಂದರೆ ಮನೆಯಲ್ಲಿ ಮೊದಲು ಏಳುವ ಮಾತು ಯಾವುದೆಂದು ಅವಳಿಗೆ ಗೊತ್ತಿತ್ತು. ಹೇಗೂ ಸೋಮವಾರ ತಪಾಸಣೆಯಿದೆ. ಗಂಡ ಬಂದು ಕೈಯ ಗ್ರೀಸು ತೊಳೆಯುತ್ತ, "ಹೇಗಿದೀಯ?" ಎಂದ.

"ಚೆನ್ನಾಗಿದೀನಿ," ಎಂದಳು.

ಶುಕ್ರವಾರ ಬೆಳಿಗ್ಗೆ ಅವಳು ಅಡುಗೆಮನೆಯ ನಲ್ಲಿಯ ಬಳಿ ನಿಂತು ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆದಳು. ಅತ್ತೆ ಬ್ರೆಡ್ ಕತ್ತರಿಸುತ್ತಿದ್ದರು. ಕತ್ತರಿಸಿದ್ದಾದ ಮೇಲೂ ಚಾಕು ಹಿಡಿದು ಸ್ವಲ್ಪ ಹೊತ್ತು ಅವಳ ಬೆನ್ನನ್ನೇ ನೋಡುತ್ತ ನಿಂತರು. ಆಮೇಲೆ ಚೀಲ ಹೆಗಲಿಗೇರಿಸಿ ಪಾಳಿಗೆ ಹೊರಟುಹೋದರು.

ಭಾನುವಾರ ಕೆರೆ ಕದಲದೆ ಬಿದ್ದಿತ್ತು. ಅವಳು ದೋಣಿ ನಿಲ್ಲಿಸಿ ತಣ್ಣೀರು ಕುಡಿದಳು. ಹೊಟ್ಟೆಯ ಎಡಗಡೆ ತಟ್ಟಿದಳು, ಬಲಗಡೆ ತಟ್ಟಿದಳು. ಗಂಡ ಎಂದಿನಂತೆ ತಿರುಗುತ್ತ ಏನೋ ತಮಾಷೆ ಮಾಡಿದ. ಅವಳು ನಗಲಿಲ್ಲ.

"ದಡಕ್ಕೆ ತಿರುಗಿಸು," ಎಂದಳು. "ಆಸ್ಪತ್ರೆಗೆ ಹೋಗೋಣ."

"ಏನಾಯ್ತು?"

"ಮಗು ಅಲುಗ್ತಿಲ್ಲ."

ಫೋನು ಹೋದ ಕೂಡಲೆ ಅತ್ತೆ ಮಾವ ಆಟೋ ಹಿಡಿದು ಬಂದರು. ನರ್ಸು ಒಂದು ಯಂತ್ರ ಹಚ್ಚಿ ನೋಡಿದಳು, ಇನ್ನೊಂದು ತಂದು ನೋಡಿದಳು, ಡಾಕ್ಟರಮ್ಮನನ್ನು ಕರೆದಳು. ಡಾಕ್ಟರಮ್ಮ ತೆರೆಯತ್ತ ಬಹಳ ಹೊತ್ತು ನೋಡಿ, ಸೊಸೆಯ ಕೈ ಹಿಡಿದು, "ಎದೆಬಡಿತ ಇಲ್ಲಮ್ಮ," ಎಂದರು.

ಯಾರೂ ಅಳಲಿಲ್ಲ. ಇನ್ನೊಂದು ಸಲ ನೋಡುತ್ತಾರೆ ಎಂದು ಎಲ್ಲರೂ ಕಾದರು.

"ಚಲನೆ ಯಾವಾಗಿಂದ ಕಡಿಮೆ ಆಗಿತ್ತು?"

"ಗುರುವಾರದಿಂದ," ಎಂದಳು ಸೊಸೆ.

ಗಂಡ ಅವಳತ್ತ ತಿರುಗಿದ. "ನಂಗ್ಯಾಕೆ ಹೇಳ್ಲಿಲ್ಲ?"

ಬಾಗಿಲ ಬಳಿ ನಿಂತಿದ್ದ ಅತ್ತೆ ಗೋಡೆ ಹಿಡಿದು ಹಾಗೇ ಕೆಳಗೆ ಕೂತರು.

ಮಂಗಳವಾರ ಹೆರಿಗೆ ಮಾಡಿಸಿದರು. ಹೆಣ್ಣು. ಒಂದು ಕಿಲೋ ಆರುನೂರು ಗ್ರಾಂ, ತಲೆ ತುಂಬ ಕೂದಲು. ಹೊಕ್ಕುಳಬಳ್ಳಿಯಲ್ಲಿ ಗಂಟು ಬಿಗಿದಿತ್ತು. "ಇದು ದೋಣಿಯಿಂದ ಆದದ್ದಲ್ಲ," ಎಂದರು ಡಾಕ್ಟರಮ್ಮ ನಾಲ್ವರಿಗೂ ಕೇಳುವಂತೆ. "ಓಡಾಡೋರಿಗೂ ಆಗುತ್ತೆ, ಹಾಸಿಗೆ ಬಿಟ್ಟು ಏಳದೋರಿಗೂ ಆಗುತ್ತೆ."

"ಗುರುವಾರವೇ ಬಂದಿದ್ರೆ?" ಎಂದ ಗಂಡ.

"ಉಳೀತಿತ್ತೇನೋ, ಇಲ್ಲವೇನೋ. ನನಗೆ ಗೊತ್ತಿಲ್ಲ. ಗೊತ್ತಿದೆ ಅಂದ್ರೆ ಸುಳ್ಳಾಗುತ್ತೆ."

ಅತ್ತೆ ಮಗುವನ್ನು ಎತ್ತಿಕೊಂಡು ಕಿಟಕಿಯ ಬಳಿ ಹೋಗಿ ನಿಂತರು. ನರ್ಸು ಬಂದು ಕೇಳುವವರೆಗೂ ಕೊಡಲಿಲ್ಲ.

ಮನೆಗೆ ಬಂದ ಎರಡನೇ ದಿನ ಸೊಸೆಗೆ ಹಾಲು ಬಂತು. ಎದೆ ಕಲ್ಲಾಗಿ ಅಂಗಿ ಒದ್ದೆಯಾಯಿತು. ಯಾರನ್ನೂ ಕರೆಯದೆ ಹಾಸಿಗೆಯ ಮೇಲೆ ಕೂತು ಅತ್ತಳು. ಅತ್ತೆ ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಹಿಡಿದು ಒಳಗೆ ಬಂದರು.

"ಅಂಗಿ ತೆಗಿ," ಎಂದರು. ಮೂರು ವಾರದಲ್ಲಿ ಅದು ಅವರ ಮೊದಲ ಮಾತು. "ಹಿಂಡ್ಬೇಡ. ಹಿಂಡಿದ್ರೆ ಇನ್ನೂ ಬರುತ್ತೆ."

ದಿನಕ್ಕೆ ಆರೇಳು ಸಲ ಬಟ್ಟೆ ಬದಲಿಸಿದರು. ಒಂದು ವಾರಕ್ಕೆ ಹಾಲು ಬತ್ತಿತು. ಮಾವ ಒಂದು ಮಧ್ಯಾಹ್ನ ಕೋಣೆಯ ಬಾಗಿಲಲ್ಲಿ ನಿಂತು ಬಹಳ ಹೊತ್ತು ತಡವರಿಸಿ, "ಕೆಳಗಿನ ಪಟ್ಟಿ ಎಲ್ಲಾದ್ರೂ ಒತ್ತುತ್ತಿತ್ತೇನಮ್ಮ?" ಎಂದು ಕೇಳಿದರು.

"ಇಲ್ಲ ಮಾವ. ಒಂದು ದಿನಾನೂ ಒತ್ತಿಲ್ಲ."

ಅವರು ತಲೆಯಾಡಿಸಿ ಹೋದರು. ಮಿಷನ್ ಮಾತ್ರ ಮತ್ತೆ ಎರಡು ವಾರ ಓಡಲಿಲ್ಲ. ಗಂಡ ಬೇಗ ಎದ್ದು ಹೋಗುತ್ತಿದ್ದ, ತಡವಾಗಿ ಬರುತ್ತಿದ್ದ. ಹೇಗಿದೀಯ ಎಂದು ಕೇಳುವುದನ್ನು ನಿಲ್ಲಿಸಿದ್ದ. ಮಾತ್ರೆ ತಗೊಂಡ್ಯಾ, ಊಟ ಆಯ್ತಾ, ಅಷ್ಟೇ ಕೇಳುತ್ತಿದ್ದ. ಅವಳಿಗೆ ಅವನ ಬೈಗುಳ ಬೇಕಿತ್ತು, ಅದೂ ಸಿಗಲಿಲ್ಲ.

ನಾಲ್ಕನೇ ವಾರ ಕಾರ್ಖಾನೆಯಿಂದ ಅತ್ತೆಯ ಗೆಳತಿಯೊಬ್ಬಳು ಹಣ್ಣು ಹಿಡಿದುಕೊಂಡು ನೋಡಲು ಬಂದಳು. ಚಹಾ ಕುಡಿದು, ಸೊಸೆಯ ತಲೆ ಸವರಿ, "ಹೋಗ್ಲಿ ಬಿಡಮ್ಮ, ಇನ್ನೂ ವಯಸ್ಸಿದೆ. ಮುಂದಿನ ಸಲ ಮಾತ್ರ ದೋಣಿ ಗೀಣಿ ಅಂತ ಹೋಗ್ಬೇಡ," ಎಂದು ಹೇಳಿ ಎದ್ದಳು.

ಬಾಗಿಲು ಮುಚ್ಚಿದ ಮೇಲೆ ಸೊಸೆ ಅಡುಗೆಮನೆಗೆ ಬಂದಳು. ಅತ್ತೆ ಆಲೂಗಡ್ಡೆ ಹೆರೆಯುತ್ತಿದ್ದರು.

"ಡಾಕ್ಟರು ಹೇಳಿದ್ದು ನೀವೂ ಕೇಳಿಸ್ಕೊಂಡ್ರಿ. ಮತ್ಯಾಕೆ ಊರಿಗೆಲ್ಲ ದೋಣಿ ಅಂತ ಹೇಳ್ತಿದೀರಿ ಅತ್ತೆ?"

"ಏನೋ ಒಂದು ಹೇಳ್ಬೇಕಲ್ಲ."

"ಏನೋ ಒಂದು ಯಾಕೆ? ಇದ್ದದ್ದು ಹೇಳಿ. ಗುರುವಾರ ಗೊತ್ತಾಯ್ತು, ಭಾನುವಾರದ ತನಕ ಬಾಯಿ ಮುಚ್ಕೊಂಡಿದ್ಲು ಅಂತ ಹೇಳಿ. ನಾನೇನು ಬೇಡ ಅನ್ನಲ್ಲ."

"ಕೂಗ್ಬೇಡ. ಹಸಿ ಮೈ."

"ಕೂಗ್ತೀನಿ!"

ಅತ್ತೆ ಚಾಕು ಕೆಳಗಿಟ್ಟರು. "ದೋಣಿ ಅಂದ್ರೆ ಜನ ದೋಣೀನ ಬೈತಾರೆ ಕಣೇ. ಗುರುವಾರ ಅಂದ್ರೆ ನಿನ್ನ ಬೈತಾರೆ. ಶುಕ್ರವಾರ ಅಂದ್ರೆ..."

"ಶುಕ್ರವಾರ ಏನು?"

ಅತ್ತೆ ಹೆರೆದ ಆಲೂಗಡ್ಡೆಗಳನ್ನು ಬೋಗುಣಿಯ ತಣ್ಣೀರಿಗೆ ಹಾಕಿದರು. ಒಂದು, ಎರಡು, ಮೂರು. ಆಮೇಲೆ ಅವಳ ಕಡೆ ತಿರುಗದೆಯೇ ಹೇಳಿದರು.

"ದಿನಾ ಬೆಳಿಗ್ಗೆ ನೀನು ಚಹಾ ಕುಡೀತಾ ಹೊಟ್ಟೆ ಸವರ್ಕೊಂಡು ಒಬ್ಬಳೇ ನಗ್ತಿದ್ದೆ. ನಾನು ಮಾತು ಬಿಟ್ಟಿದ್ರೂ ಅದನ್ನ ನೋಡ್ತಿದ್ದೆ. ಶುಕ್ರವಾರ ನೀನು ನಗ್ಲಿಲ್ಲ. ಹೊಟ್ಟೆಗೆ ಕೈ ಒತ್ತಿ ಹಿಡ್ಕೊಂಡಿದ್ದೆ. ನಾನು ಹೆತ್ತವಳು, ಅಷ್ಟೂ ಗೊತ್ತಾಗಲ್ವಾ? ಯಾಕೇ, ಮಗು ಒದೀತಿದೆಯಾ ಅಂತ ಕೇಳ್ಬೇಕು ಅಂತ ಬಾಯಿವರೆಗೂ ಬಂತು." ಅವರು ಇನ್ನೊಂದು ಆಲೂಗಡ್ಡೆ ನೀರಿಗೆ ಹಾಕಿದರು. "ಅವಳೇ ಮೊದಲು ಮಾತಾಡ್ಲಿ ಅಂದ್ಕೊಂಡೆ. ಅಷ್ಟೇ. ಅಷ್ಟಕ್ಕೇ ಚೀಲ ತಗೊಂಡು ಹೋಗ್ಬಿಟ್ಟೆ."

ಸೊಸೆ ಕುರ್ಚಿ ಎಳೆದು ಕೂತಳು. ಅತ್ತೆ ಅವಳ ಎದುರಿಗೆ ಬಂದು ಕೂತು, ಒದ್ದೆ ಕೈಯಿಂದಲೇ ಅವಳ ಕೈ ಹಿಡಿದುಕೊಂಡರು. ಮುಖ ಬಾಡಿ ಹೋಗಿತ್ತು. ಈ ನಾಲ್ಕು ವಾರದಲ್ಲಿ ಅವರೂ ಇಳಿದುಹೋಗಿರುವುದು ಆಗ ಸೊಸೆಯ ಕಣ್ಣಿಗೆ ಬಿತ್ತು.

"ಒಂದು ಮಾತು ನಿಜ ಹೇಳು," ಎಂದರು. "ಶುಕ್ರವಾರ ನಾನು ಕೇಳಿದ್ದಿದ್ರೆ ನೀನು ಹೇಳ್ತಿದ್ಯಾ?"

ಸೊಸೆ ಅತ್ತೆಯ ಕೈಯನ್ನು ನೋಡಿದಳು, ಮುಖವನ್ನು ನೋಡಿದಳು.

"ಇಲ್ಲ ಅತ್ತೆ. ನೀವು ಕೇಳಿದ್ರೂ ಚೆನ್ನಾಗಿದೀನಿ ಅಂತಾನೇ ಅಂತಿದ್ದೆ."

"ನಿಜವಾಗ್ಲೂ?"

"ನಿಜವಾಗ್ಲೂ."

ಅದು ಸುಳ್ಳು. ಆ ಶುಕ್ರವಾರ ಅವಳು ನಲ್ಲಿಯ ಬಳಿ ಅಷ್ಟು ಹೊತ್ತು ನಿಂತದ್ದೇ ಅತ್ತೆ ಒಂದು ಮಾತು ಕೇಳಲಿ ಎಂದು. ಕೇಳಿದ್ದರೆ ಲೋಟ ಅಲ್ಲೇ ಬಿಟ್ಟು ಅತ್ತೆಯ ಜೊತೆ ಆಸ್ಪತ್ರೆಗೆ ಓಡುತ್ತಿದ್ದಳು. ಅತ್ತೆ ಅವಳ ಮಾತನ್ನು ನಂಬಿದರು. ನಾಲ್ಕು ವಾರದಿಂದ ಬಿಗಿ ಹಿಡಿದಿದ್ದ ಅಳು ಒಮ್ಮೆಲೇ ಹೊರಬಂತು, ಅವರು ಸೊಸೆಯ ಮಡಿಲಲ್ಲಿ ಮುಖವಿಟ್ಟು ಅತ್ತರು. ಸೊಸೆ ಅವರ ಬೆನ್ನು ಸವರುತ್ತ ಕೂತಳು. ಒಲೆಯ ಮೇಲೆ ನೀರು ಕುದಿಯತೊಡಗಿದಾಗ ಎದ್ದು ಹೋಗಿ ಆಲೂಗಡ್ಡೆ ಹಾಕಿದಳು.